ರುವೈಸ್ ರಸ್ತೆಯ ತೇರ್ಸ್

ನಾನು ನಂಬಿ ಕೆಟ್ಟದ್ದು ಒಂದು ಬೋರ್ಡನ್ನು. ರುವೈಸಿನಿಂದ ಅಬುಧಾಬಿ ಕಡೆಗೆ ಹೊರಟರೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆ ಮರಳಿನಲ್ಲಿ ನೆಟ್ಟಿದ್ದ ನೀಲಿ ಬೋರ್ಡು ಅದು. ಮೇಲೆ ಅರಬಿ, ಕೆಳಗೆ ಇಂಗ್ಲಿಷು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿದೆ, ತೊಂದರೆಗೆ ಕ್ಷಮೆ ಇರಲಿ, ಇಂಥ ತಿಂಗಳು ಕೆಲಸ ಮುಗಿಯುತ್ತದೆ ಎಂದು ಬರೆದಿತ್ತು. ಆ ದಾರಿಯಲ್ಲಿ ಓಡಾಡುವ ಸಾವಿರಾರು ಜನರಲ್ಲಿ ಅದನ್ನು ಕೊನೆಯ ಸಾಲಿನ ತನಕ ಓದಿದವರೇ ಕಡಿಮೆ ಇರಬೇಕು. ನಾನು ಓದಿದೆ, ನಂಬಿದೆ, ಅದರ ಮೇಲೆ ಸಂಸಾರದ ಲೆಕ್ಕಾಚಾರ ಹಾಕಿದೆ.

ಅದಕ್ಕೆ ನನ್ನ ಕೆಲಸವೇ ಕಾರಣ. ನಾನು ರುವೈಸಿನ ಒಂದು ಪೆಟ್ರೋಲಿಯಂ ಸ್ಥಾವರದಲ್ಲಿ ಶಟ್‌ಡೌನ್ ಪ್ಲಾನರ್ ಆಗಿದ್ದೆ. ಕೆಲವು ವರ್ಷಕ್ಕೊಮ್ಮೆ ಒಂದೊಂದೇ ಘಟಕವನ್ನು ನಿಲ್ಲಿಸಿ, ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಶುರು ಮಾಡುತ್ತಾರೆ. ಯಾವ ದಿನ, ಯಾವ ಗಂಟೆಗೆ, ಯಾವ ಮುಚ್ಚಳ ತೆಗೆಯಬೇಕು, ಯಾವಾಗ ಹಾಕಬೇಕು ಎಂದು ತಿಂಗಳುಗಟ್ಟಲೆ ಮೊದಲೇ ಬರೆದಿಡುವವನು ನಾನು. ಅಲ್ಲಿ ಮುಗಿಯುವ ದಿನ ಎಂದರೆ ಮುಗಿಯುವ ದಿನ. ಅರ್ಧ ದಿನ ತಡವಾದರೂ ದೊಡ್ಡವರೆಲ್ಲ ಹೆಲ್ಮೆಟ್ ಹಾಕಿಕೊಂಡು ಬಂದು ಎದುರಿಗೆ ನಿಲ್ಲುತ್ತಿದ್ದರು. ಇಂಥ ಕಡೆ ವರ್ಷಾನುಗಟ್ಟಲೆ ದುಡಿದವನಿಗೆ ರಸ್ತೆ ಬದಿಯ ಬೋರ್ಡಿನಲ್ಲಿ ಬರೆದ ತಿಂಗಳೂ ಹಾಗೇ ಇರುತ್ತದೆ ಅನ್ನಿಸಿತು. ಈಗ ಅದನ್ನು ಮೂರ್ಖತನ ಎನ್ನುತ್ತೇನೆ. ಆಗ ವೃತ್ತಿಯ ಶಿಸ್ತು ಎಂದುಕೊಂಡಿದ್ದೆ.

ಅದೇ ತಿಂಗಳು ಕಂಪನಿಯ ಆಡಳಿತ ಕಚೇರಿಯಿಂದ ನನಗೊಂದು ಕಾಗದ ಬಂದಿತ್ತು. ನನಗೆ ಬಡ್ತಿಯಾಗಿತ್ತು, ಸಂಸಾರವನ್ನು ಜೊತೆಗಿರಿಸಿಕೊಳ್ಳುವ ಫ್ಯಾಮಿಲಿ ಸ್ಟೇಟಸ್ ಸಿಕ್ಕಿತ್ತು, ರುವೈಸಿನ ಕಂಪನಿ ವಸತಿಯಲ್ಲಿ ಎರಡು ಕೋಣೆಯ ಮನೆ ಖಾಲಿ ಇತ್ತು. ಬೇಕು ಅಥವಾ ಬೇಡ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ಹೆಂಡತಿ ದುಬೈಯ ಅಲ್ ಬರ್ಷಾದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಹತ್ತಿರ ನಮ್ಮ ಬಾಡಿಗೆ ಫ್ಲ್ಯಾಟು. ನಾಲ್ಕು ವರ್ಷದ ಮಗಳಿಗೆ ಊದ್ ಮೇಥಾದ ಇಂಡಿಯನ್ ಶಾಲೆಯೊಂದರಲ್ಲಿ ಆಗಷ್ಟೇ ಕೆಜಿ ಸೀಟು ಸಿಕ್ಕಿತ್ತು. ಅದಕ್ಕಾಗಿ ನಾವು ಪಟ್ಟ ಪಾಡು ಬೇರೆಯೇ ಕಥೆ. ರುವೈಸಿಗೆ ಬಂದರೆ ಹೆಂಡತಿ ಕೆಲಸ ಬಿಡಬೇಕು, ಮಗುವಿಗೆ ಶಾಲೆ ಬದಲಿಸಬೇಕು. ಬರದಿದ್ದರೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ನಾನೊಬ್ಬ.

ನಾನು ಪ್ಲಾನರ್ ಅಲ್ಲವೇ. ಊಟದ ಮೇಜಿನ ಮೇಲೆ ಕಾಗದ ಹಾಸಿ ಗೆರೆ ಎಳೆದೆ. ರಸ್ತೆ ಮುಗಿಯಲು ಎರಡು ವರ್ಷ. ಮುಗಿದ ಮೇಲೆ ಮನೆಗೆ ಎರಡೂವರೆ, ಹೆಚ್ಚೆಂದರೆ ಮೂರು ಗಂಟೆ. ಎರಡು ವರ್ಷ ಸ್ವಲ್ಪ ಕಷ್ಟಪಟ್ಟರೆ ಆಯಿತು.

ಹೆಂಡತಿ ಪಾತ್ರೆ ಒರೆಸುತ್ತಾ ಗೆರೆಗಳನ್ನು ನೋಡಿದಳು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಅವಳು ಅಂದದ್ದು ಇಷ್ಟು: “ಬೋರ್ಡಲ್ಲಿ ಬರೆದ ಹಾಗೆ ಆಗ್ತದಾ? ನೀನು ಹೋಗಿ ಅವರನ್ನು ಕೇಳಿದ್ದೀಯಾ?”

“ಆಗದೆ ಎಂತ? ಇದೇನು ಊರಾ?” ಎಂದೆ.

ಮರುದಿನ ‘ಬೇಡ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿಕೊಟ್ಟೆ. ಆ ಮನೆ ವಾರದೊಳಗೆ ಬೇರೆ ಯಾರಿಗೋ ಹೋಯಿತು. ಅವರ ಮಕ್ಕಳು ಅದರ ಅಂಗಳದಲ್ಲಿ ಸೈಕಲ್ ಹೊಡೆಯುವುದನ್ನು ಆಮೇಲೆ ನಾಲ್ಕು ವರ್ಷ ಡ್ಯೂಟಿಗೆ ಹೋಗುವ ದಾರಿಯಲ್ಲಿ ನೋಡಿದೆ.

ಇನ್ನು ತೇರ್ಸಿನ ವಿಷಯ. ಕರಾವಳಿಯ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಮಾಲೆ ಪ್ರಾರ್ಥನೆಗೆ ತೇರ್ಸ್ ಎನ್ನುತ್ತೇವೆ. ಮನೆಯವರೆಲ್ಲ ದೇವರ ಪೀಠದ ಮುಂದೆ ಸೇರುತ್ತಾರೆ. ಮನೆಯ ಯಜಮಾನ ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾನೆ, ಉಳಿದವರು ಎರಡನೆಯ ಅರ್ಧ ಹೇಳುತ್ತಾರೆ. ಒಂದು ಸುತ್ತಿಗೆ ಹತ್ತು ಸಲ, ಹೀಗೆ ಐದು ಸುತ್ತು. ಮುಗಿದ ಕೂಡಲೇ ಮಕ್ಕಳು ದೊಡ್ಡವರ ಮುಂದೆ ಒಬ್ಬೊಬ್ಬರಾಗಿ ಬಂದು ಕೈಮುಗಿದು ‘ಬೆಸಾಂವ್’ ಕೇಳಬೇಕು. ಬೆಸಾಂವ್ ಎಂದರೆ ಆಶೀರ್ವಾದ. ದೊಡ್ಡವರು ದೇವರು ಒಳ್ಳೆಯದು ಮಾಡಲಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಾಗದೆ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ನನಗೆ ಭಕ್ತಿ ಅಷ್ಟೇನೂ ಇಲ್ಲ, ಇದ್ದ ಹಾಗೆ ಹೇಳಿಬಿಡುತ್ತೇನೆ. ಆದರೆ ತೇರ್ಸ್ ಶುರು ಮಾಡುವವನು ನಾನು ಎಂಬುದು ನನಗೆ ಮುಖ್ಯವಾಗಿತ್ತು. ಆ ಫ್ಲ್ಯಾಟಿನಲ್ಲಿ ನಾನು ಅಪ್ಪ ಎಂದು ಗೊತ್ತಾಗುವ ಹೊತ್ತು ಅದೊಂದೇ.

ಯಾಕೆಂದರೆ ನನಗೆ ರಜೆ ಶುಕ್ರವಾರ ಮಾತ್ರ. ಶನಿವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಸೈಟಿನಲ್ಲಿರಬೇಕು. ಗುರುವಾರ ನಾಲ್ಕಕ್ಕೆ ಡ್ಯೂಟಿ ಮುಗಿಸಿ ಕಾರು ಹತ್ತಿದರೆ ಏಳೂವರೆಯೊಳಗೆ ಅಲ್ ಬರ್ಷಾ, ತೇರ್ಸ್, ಊಟ. ಶುಕ್ರವಾರ ಬೆಳಿಗ್ಗೆ ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ, ಮಧ್ಯಾಹ್ನ ಊಟ, ಒಂದು ನಿದ್ದೆ, ನಾಲ್ಕು ಗಂಟೆಗೆ ಮರಳಿ ಕಾರು. ಹಾಗಾಗಿ ವಾರಕ್ಕೆ ನನ್ನ ಪಾಲಿಗೆ ಇದ್ದದ್ದು ಒಂದು ಸಂಜೆ, ಒಂದು ತೇರ್ಸ್, ಒಂದು ಬೆಸಾಂವ್. ಅದು ರಸ್ತೆಯನ್ನು ನಂಬಿಕೊಂಡಿತ್ತು.

ಮೊದಲ ಕೆಲವು ತಿಂಗಳು ರಸ್ತೆ ನನ್ನನ್ನು ಅಷ್ಟು ಸತಾಯಿಸಲಿಲ್ಲ. ಅಲ್ಲಲ್ಲಿ ಕೆಂಪು ಬಿಳಿ ಪ್ಲಾಸ್ಟಿಕ್ ತಡೆಗಳು, ವೇಗ ತಗ್ಗಿಸಿ ಎಂಬ ಬೋರ್ಡುಗಳು. ಆಮೇಲೆ ತಡೆಗಳ ಜಾಗಕ್ಕೆ ಕಾಂಕ್ರೀಟು ದಿಂಡುಗಳು ಬಂದವು. ಮೂರು ಸಾಲು ಎರಡಾಯಿತು, ಮಿರ್ಫಾದ ಆಚೀಚೆ ಒಂದೇ ಆಯಿತು. ಸೌದಿ ಗಡಿಗೆ ಹೋಗಿ ಬರುವ ಲಾರಿಗಳು ಆ ದಾರಿಯಲ್ಲೇ ಓಡಾಡಬೇಕು. ಒಂದು ಲಾರಿಯ ಹಿಂದೆ ಸಿಕ್ಕಿಕೊಂಡರೆ ಅದರ ಹಿಂಬದಿಯಲ್ಲಿ ಬರೆದ ಟೆಲಿಫೋನ್ ನಂಬರು ಬಾಯಿಪಾಠ ಆಗುವ ತನಕ ಬಿಡುಗಡೆ ಇಲ್ಲ. ತರೀಫಿನ ಹತ್ತಿರ ಒಂದು ಡೈವರ್ಷನ್ ಇತ್ತು. ಅದು ಈ ವಾರ ಎಡಕ್ಕೆ ತಿರುಗಿದರೆ ಮುಂದಿನ ವಾರ ಬಲಕ್ಕೆ. ಯೂ ಟರ್ನುಗಳನ್ನು ಮುಚ್ಚಿದ್ದರಿಂದ ಒಮ್ಮೆ ತಪ್ಪಿದರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಸುತ್ತಿ ಬರಬೇಕು. ಗಾಳಿ ಎದ್ದ ದಿನ ಅಗೆದ ಮಣ್ಣೆಲ್ಲ ಗಾಜಿಗೆ ಬಂದು ಕೂರುತ್ತಿತ್ತು. ಇಷ್ಟಾಗಿಯೂ ಅಲ್ಲಿ ಕೆಲಸ ನಡೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡದ್ದು ಕಡಿಮೆ. ಯಂತ್ರಗಳು ನಿಂತಿರುತ್ತಿದ್ದವು. ಅವುಗಳ ನೆರಳಿನಲ್ಲಿ ಜನ ಕೂತಿರುತ್ತಿದ್ದರು. ಐವತ್ತು ಡಿಗ್ರಿ ಬಿಸಿಲಿನಲ್ಲಿ ಕೂರುವುದೂ ಕೆಲಸವೇ ಎಂದು ಈಗ ಒಪ್ಪುತ್ತೇನೆ. ಆಗ ಒಪ್ಪುತ್ತಿರಲಿಲ್ಲ.

ನನ್ನ ಕಾರಿನಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರು ಬರುತ್ತಿದ್ದರು. ನಮ್ಮದೇ ಸ್ಥಾವರದಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್. ಅಬುಧಾಬಿ ಪಕ್ಕದ ಮುಸಫ್ಫಾದಲ್ಲಿದ್ದ ತಮ್ಮನ ಮನೆಗೆಂದು ಪ್ರತಿ ಗುರುವಾರ ಹೊರಟು ದಾರಿಯಲ್ಲಿ ಇಳಿದುಕೊಳ್ಳುತ್ತಿದ್ದರು. ಅವರ ಮನೆಮಾತು ತುಳು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಪೊರ್ಬುಲೇ ಎನ್ನುತ್ತಿದ್ದರು. ತುಳುವರು ನಮ್ಮ ಜನರನ್ನು ಕರೆಯುವುದೇ ಹಾಗೆ. ನನಗೆ ಬರುವ ಸಿಟ್ಟಿನ ಕಾಲುಭಾಗವೂ ಅವರಿಗೆ ಬರುತ್ತಿರಲಿಲ್ಲ. ಸೀಟು ಹಿಂದಕ್ಕೆ ಬಾಗಿಸಿ, ಚಪ್ಪಲಿ ಕಳಚಿ, ನೆಲಗಡಲೆ ಸುಲಿದು ತಿನ್ನುತ್ತಾ ಕೂರುವರು.

“ಪೊರ್ಬುಲೇ, ನೀವು ಹಾರ್ನ್ ಹೊಡೆದ್ರೆ ಅವ ಡಾಂಬರು ಬೇಗ ಹಾಕ್ತಾನಾ? ಸುಮ್ಮನೆ ಮಂಡೆಬೆಚ್ಚ ಮಾಡ್ಕೊಳ್ಬೇಡಿ ಮಾರಾಯ್ರೆ.”

“ಅಣ್ಣ, ನಿಮ್ಮನ್ನು ಮುಸಫ್ಫಾದಲ್ಲಿ ಯಾರೂ ಕಾಯುದಿಲ್ಲ. ನನ್ನನ್ನು ಕಾಯ್ತಾರೆ.”

“ಕಾಯ್ಲಿ ಅಲ್ವಾ. ಕಾಯುವವರು ಉಂಟಲ್ಲ, ಅದೇ ದೊಡ್ಡದು.”

ನಾನು ಇನ್ನೊಮ್ಮೆ ಹಾರ್ನ್ ಹೊಡೆಯುತ್ತಿದ್ದೆ. ಒಂದು ಗುರುವಾರ ಮಿರ್ಫಾದ ಹತ್ತಿರ ಅರ್ಧ ಗಂಟೆ ಅಲ್ಲಾಡದೆ ನಿಂತಾಗ, ಕಾರಿನಿಂದಿಳಿದು ಕೆಂಪು ಬಾವುಟ ಹಿಡಿದಿದ್ದವನ ಹತ್ತಿರ ಹೋಗಿ, ಇದು ಯಾವಾಗ ಮುಗಿಯುತ್ತದೆ ಎಂದು ಹಿಂದಿಯಲ್ಲಿ ಕೂಗಾಡಿದೆ. ಅವನು ಮುಖಕ್ಕೆ ಸುತ್ತಿದ್ದ ಬಟ್ಟೆ ಕೆಳಗೆಳೆದು ತುಂಬ ಮರ್ಯಾದೆಯಿಂದ, “ಪತಾ ನಹೀಂ ಸಾಬ್, ಮೈ ಕಲ್ ಹೀ ಆಯಾ” ಎಂದ. ಪಾಪ, ನಿನ್ನೆಯಷ್ಟೇ ಬಂದವನು. ಕೆಲವು ತಿಂಗಳ ನಂತರ ಇನ್ನೊಂದು ಕಡೆ ಇನ್ನೊಬ್ಬನನ್ನು ಕೇಳಿದೆ. ಅವನೂ ಹಿಂದಿನ ದಿನವೇ ಬಂದವನು. ಅಣ್ಣ ಕಾರಿನೊಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಯಲ್ಲಿ ಮೊದಮೊದಲು ತೇರ್ಸ್ ನನಗಾಗಿ ಕಾಯುತ್ತಿತ್ತು. ಏಳೂವರೆಯದು ಎಂಟಾಯಿತು, ಎಂಟೂವರೆಯಾಯಿತು. ನಾನು ಬಾಗಿಲು ತೆರೆಯುವಾಗ ಮಗಳು ಸೋಫಾದ ಕೈಗೆ ತಲೆಯಿಟ್ಟು ಅರೆನಿದ್ದೆಯಲ್ಲಿರುತ್ತಿದ್ದಳು. ಎಬ್ಬಿಸಿ ಕೂರಿಸಿದರೆ ಎರಡನೆಯ ಸುತ್ತಿಗೇ ಅವಳ ಮಾಲೆ ಕೆಳಗೆ ಬೀಳುತ್ತಿತ್ತು. ನಾನು ಬೇಗಬೇಗ ಹೇಳುತ್ತಿದ್ದೆ, ಹೆಂಡತಿ ಬೇಗಬೇಗ ಉತ್ತರ ಕೊಡುತ್ತಿದ್ದಳು. ಬೆಸಾಂವ್ ಕೇಳಲು ಮಗು ಎದ್ದಿರುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಮಲಗಿಸಿ, ಕೇಳದಿದ್ದರೂ ನಾನೇ ಹೇಳಿಬಿಡುತ್ತಿದ್ದೆ.

ಹಲವು ವಾರ ಹೀಗೆ ನಡೆದ ಮೇಲೆ ಹೆಂಡತಿ ಒಂದು ಶುಕ್ರವಾರ, ಇಗರ್ಜಿಯಿಂದ ಬರುವಾಗ, ಕಾರಿನಲ್ಲಿ ವಿಷಯ ತೆಗೆದಳು.

“ಇನ್ನು ಗುರುವಾರವೂ ಏಳೂವರೆಗೇ ಶುರು ಮಾಡುವಾ. ಮಗುವಿಗೆ ಹಸಿವಾಗ್ತದೆ. ನೀನು ಫೋನಲ್ಲಿ ಹೇಳು, ನಾವು ಇಲ್ಲಿ ಉತ್ತರ ಕೊಡ್ತೇವೆ.”

“ಫೋನಲ್ಲಿ ತೇರ್ಸಾ?”

“ದೇವರಿಗೆ ಕೇಳಿದ್ರೆ ಆಯ್ತಲ್ಲ. ಹೇಗೂ ರಸ್ತೆ ಮುಗಿಯುವ ತನಕ ಅಲ್ವಾ.”

ರಸ್ತೆ ಮುಗಿಯುವ ತನಕ. ಈ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಆಗ. ಆಮೇಲೆ ಅದು ಎಲ್ಲದಕ್ಕೂ ಬಂತು. ಹೊಸ ಸೋಫಾ, ಎರಡನೆಯ ಮಗು, ಊರಿನಿಂದ ಅತ್ತೆಯನ್ನು ವಿಸಿಟ್ ವೀಸಾದಲ್ಲಿ ಕರೆಸುವುದು, ಎಲ್ಲವೂ ರಸ್ತೆ ಮುಗಿದ ಮೇಲೆ. ಎರಡನೆಯ ಮಗುವಿನ ಮಾತು ಕೊನೆಕೊನೆಗೆ ನಿಂತೇಹೋಯಿತು. ಯಾರು ನಿಲ್ಲಿಸಿದ್ದು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಫೋನಿನ ತೇರ್ಸ್ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಏಳೂವರೆಗೆ ನಾನು ಸಾಮಾನ್ಯವಾಗಿ ತರೀಫಿನ ಅಕ್ಕಪಕ್ಕ ಲಾರಿಗಳ ನಡುವೆ ಇರುತ್ತಿದ್ದೆ. ಫೋನನ್ನು ಗೇರಿನ ಪಕ್ಕ ಲೋಟ ಇಡುವ ಗುಳಿಯಲ್ಲಿ ನಿಲ್ಲಿಸಿ ಸ್ಪೀಕರ್ ಹಾಕಿ, ದೇವಮಾತೆಗೆ ನಮಿಸುವ ‘ನಮಾನ್ ಮರಿಯೆ’ ಎಂದು ಶುರು ಮಾಡುವೆ. ಅತ್ತಲಿಂದ ಉತ್ತರ ಬರುವುದು ಒಂದು ಗಳಿಗೆ ತಡ. ಬಂತೋ ಇಲ್ಲವೋ ಎಂದು ನಾನು ಮುಂದಿನದನ್ನು ಹೇಳಿದರೆ ಎರಡೂ ಒಂದರ ಮೇಲೊಂದು ಬೀಳುವವು. ಕೆಲವು ಕಡೆ ಸಿಗ್ನಲ್ ಹೋಗಿ ಪೂರ್ತಿ ಅರ್ಧ ಸುತ್ತು ನಾನು ಯಾರಿಗೂ ಕೇಳಿಸದೆ ಹೇಳಿರುತ್ತಿದ್ದೆ.

ಒಮ್ಮೆ ಮೂರನೆಯ ಸುತ್ತಿನಲ್ಲಿ ಒಂದು ಟ್ಯಾಂಕರು ಸೂಚನೆ ಕೊಡದೆ ಅಡ್ಡ ಬಂತು. ನಾನು ಬ್ರೇಕ್ ಒತ್ತಿ, ದೇವಮಾತೆಯ ಹೆಸರಿನ ಬೆನ್ನಿಗೇ ಆ ಚಾಲಕನ ವಂಶವನ್ನು ಕೊಂಕಣಿಯಲ್ಲಿ ಬೈದುಬಿಟ್ಟೆ. ಅತ್ತ ಮಗಳು ಕಿಲಕಿಲ ನಕ್ಕದ್ದು ಕೇಳಿಸಿತು. ನನಗೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗಿತ್ತು. ಆಗ ಪಕ್ಕದ ಸೀಟಿನಿಂದ ಅಣ್ಣ ಮೆಲ್ಲನೆ, “ಏಳನೆಯದ್ದು ಪೊರ್ಬುಲೇ, ಇನ್ನು ಮೂರು ಉಂಟು” ಎಂದರು. ಅವರು ನೆಲಗಡಲೆ ಎಣಿಸಿಟ್ಟು ಲೆಕ್ಕ ಹಿಡಿಯುತ್ತಿದ್ದರು. ನಿತ್ಯ ಬೆಳಿಗ್ಗೆ ಹಣೆಗೆ ಗಂಧವಿಟ್ಟುಕೊಂಡು ಡ್ಯೂಟಿಗೆ ಬರುತ್ತಿದ್ದ ಮನುಷ್ಯನಿಗೆ ಆ ವರ್ಷ ಮುಗಿಯುವುದರೊಳಗೆ ನಮ್ಮ ತೇರ್ಸ್ ಮೊದಲಿನಿಂದ ಕೊನೆಯ ತನಕ ಬಾಯಿಗೆ ಬಂದಿತ್ತು. ನನಗೆ ಕೆಮ್ಮು ಬಂದ ದಿನ ಒಂದೆರಡು ಬಾರಿ ಅವರೇ ಮುಂದುವರಿಸಿದರು, ತುಳುವಿನ ಉಚ್ಚಾರದಲ್ಲಿ. ಹೆಂಡತಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದಳೋ.

ಎರಡು ವರ್ಷ ಕಳೆಯಿತು. ಬೋರ್ಡಿನಲ್ಲಿ ಬರೆದಿದ್ದ ತಿಂಗಳು ಬಂತು, ಹೋಯಿತು. ಒಂದು ಗುರುವಾರ ನೋಡಿದರೆ ತಿಂಗಳು, ವರ್ಷ ಇದ್ದ ಜಾಗಕ್ಕೆ ನೀಲಿ ಬಣ್ಣದ ಸ್ಟಿಕ್ಕರು ಅಂಟಿಸಿ ಹೊಸ ತಿಂಗಳು ಬರೆದಿದ್ದರು. ಬಣ್ಣ ಸರಿಯಾಗಿ ಕೂಡಿರಲಿಲ್ಲ. ಇನ್ನೂ ಒಂದು ವರ್ಷ ಹೋದ ಮೇಲೆ ಅದರ ಮೇಲೆ ಇನ್ನೊಂದು ಸ್ಟಿಕ್ಕರು ಬಂತು. ನಾನು ಆಡಳಿತ ಕಚೇರಿಗೆ ಹೋಗಿ ಫ್ಯಾಮಿಲಿ ಮನೆ ಏನಾದರೂ ಖಾಲಿ ಇದೆಯೇ ಎಂದು ವಿಚಾರಿಸಿದೆ. ಗುಮಾಸ್ತ ನನ್ನ ಹಳೆಯ ಕಾಗದ ತೆಗೆದು, ನನ್ನದೇ ಸಹಿ ತೋರಿಸಿ, “ಬೇಡ ಎಂದವರು ಪಟ್ಟಿಯ ಕೊನೆಗೆ ಹೋಗ್ತಾರೆ ಸರ್. ಈಗ ಮಾಫಿ” ಎಂದ. ಅವನು ಕೇರಳದವನು, ಒಳ್ಳೆಯವನೇ. ಮಾಫಿ ಎಂದರೆ ಇಲ್ಲ. ಅದರ ಮೇಲೆ ಮಾತಿಲ್ಲ.

ಅಷ್ಟರಲ್ಲಿ ಮಗಳಿಗೆ ಏಳು ವರ್ಷ. ಶುಕ್ರವಾರದ ಧರ್ಮೋಪದೇಶದ ತರಗತಿಗೆ ಹೋಗತೊಡಗಿದ್ದಳು. ಅಲ್ಲಿ ಕಲಿಸುವುದು ಇಂಗ್ಲಿಷಿನಲ್ಲಿ. ಒಂದು ಗುರುವಾರ ಸಿಗ್ನಲ್ ಮೂರು ಬಾರಿ ಕಡಿದುಹೋಗಿ ನಾನು ನಾಲ್ಕನೆಯ ಬಾರಿ ಫೋನು ಮಾಡಿದಾಗ, ಆ ಕಡೆ ತೇರ್ಸ್ ನಡೆಯುತ್ತಲೇ ಇತ್ತು. ಮಗಳು ಮೊದಲ ಅರ್ಧ ಹೇಳುತ್ತಿದ್ದಳು. ‘ಹೇಲ್ ಮೇರಿ’ ಎಂದು, ಇಂಗ್ಲಿಷಿನಲ್ಲಿ, ಶಾಲೆಯ ಪದ್ಯ ಒಪ್ಪಿಸುವ ವೇಗದಲ್ಲಿ. ಹೆಂಡತಿ ಉತ್ತರ ಕೊಡುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ನಾನು ಸ್ಪೀಕರಿನ ದನಿ ಏರಿಸಿಕೊಂಡೆ.

ಮುಗಿದ ಮೇಲೆ ಹೆಂಡತಿ, “ಅವಳೇ ಶುರು ಮಾಡಿದ್ದು. ಚಂದ ಹೇಳ್ತಾಳೆ ಅಲ್ವಾ? ಇನ್ನು ಅವಳೇ ಹೇಳಲಿ, ನಿಂಗೂ ಡ್ರೈವಿಂಗ್ ಮೇಲೆ ಗಮನ ಇರ್ತದೆ” ಎಂದಳು.

“ಚಂದ ಹೇಳ್ತಾಳೆ” ಎಂದೆ. ನಿಜವಾಗಿ ಚಂದವೇ ಹೇಳಿದ್ದಳು.

ಮುಂದಿನ ಗುರುವಾರ ನಾನು ಕಾರಿನಿಂದ ಉತ್ತರ ಕೊಡುವವನಾದೆ. ಅದಾಗಿ ಒಂದೆರಡು ವಾರಕ್ಕೆ ಮಗಳು, “ಡ್ಯಾಡಾ, ಯುವರ್ ಟ್ರಕ್ಸ್ ಆರ್ ಸೋ ಲೌಡ್” ಎಂದು ದೂರು ಕೊಟ್ಟಳು. ಹೆಂಡತಿ ಅದನ್ನೇ ಮೃದುವಾಗಿ ಹೇಳಿದಳು: ಲಾರಿಗಳ ಸದ್ದಿನಲ್ಲಿ ಇಲ್ಲಿ ಏನೂ ಕೇಳುವುದಿಲ್ಲ, ನೀನು ಮ್ಯೂಟ್ ಮಾಡಿಕೊಂಡು ಕೇಳು, ಕೊನೆಗೆ ತೆಗೆದರೆ ಸಾಕು. ಹಾಗೆ ನಾನು ಮ್ಯೂಟ್ ಆದೆ. ಅವರು ಫೋನನ್ನು ದೇವರ ಪೀಠದ ಮೇಲೆ, ಮಾತೆಯ ಚಿತ್ರಕ್ಕೆ ಒರಗಿಸಿ ಇಡುತ್ತಿದ್ದರಂತೆ. ಐದು ಸುತ್ತು ಮುಗಿದ ಮೇಲೆ ಗುಂಡಿ ಒತ್ತಿ ನನ್ನ ದನಿ ಬಿಡುವೆ. “ಬೆಸಾಂವ್ ಡ್ಯಾಡಾ” ಎಂದು ಮಗಳ ಸ್ವರ ಬರುವುದು, ಅದೊಂದು ಮಾತ್ರ ಕೊಂಕಣಿಯಲ್ಲಿ. ದೇವರು ಒಳ್ಳೆಯದು ಮಾಡಲಿ ಎನ್ನುವೆ. ಆಮೇಲೆ ಅವಳು ಫೋನಿನ ಹತ್ತಿರವೇ ನಿಂತು ವಾರದ ಸುದ್ದಿ ಹೇಳುವಳು: ಯಾರ ಹಲ್ಲು ಬಿತ್ತು, ಯಾವ ಟೀಚರ್ ಗದರಿಸಿದಳು, ಮೆಟ್ರೋದಲ್ಲಿ ಯಾರು ವಾಂತಿ ಮಾಡಿದರು. ನಗುವಳು, ಹಾಡುವಳು, ನನ್ನ ಮೇಲೆ ರೇಗುವಳು. ಒಂಬತ್ತೂವರೆಗೆ ನಾನು ಮನೆ ಮುಟ್ಟಿದಾಗ ಮಲಗಿರುವಳು. ಶುಕ್ರವಾರ ಬೆಳಿಗ್ಗೆ ಅವಳಿಗೆ ಇಗರ್ಜಿ, ಧರ್ಮೋಪದೇಶ, ಮಧ್ಯಾಹ್ನ ನನಗೆ ನಿದ್ದೆ, ಎದ್ದರೆ ಕಾರು. ಆ ಹತ್ತು ನಿಮಿಷದ ಮಾತೇ ನನಗೆ ವಾರಕ್ಕೆ ಸಾಕಾಗುತ್ತಿತ್ತು. ಇಷ್ಟಾದರೂ ನಡೆಯುತ್ತಿದೆಯಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡದ್ದೂ ಉಂಟು.

ಅಣ್ಣ ಆ ವರ್ಷ ನಿವೃತ್ತರಾಗಿ ಊರಿಗೆ ಹೋದರು. ಕೊನೆಯ ಗುರುವಾರ ಮುಸಫ್ಫಾದಲ್ಲಿ ಇಳಿದು, ಕಿಟಕಿಯಿಂದ ಬಗ್ಗಿ, “ಪೊರ್ಬುಲೇ, ರಸ್ತೆ ಆದ ಮೇಲೆ ಒಂದು ಫೋಟೋ ಕಳಿಸಿ. ನಂಬಬೇಕಲ್ಲ” ಎಂದರು. ಆಮೇಲೆ ಪಕ್ಕದ ಸೀಟಿನಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗು ಕೂತಿತು.

ರಸ್ತೆ ಮುಗಿದದ್ದು ಸದ್ದಿಲ್ಲದೆ. ನಾನು ಬ್ಯಾಂಡು ಬಜಂತ್ರಿಯನ್ನೇನೂ ನಿರೀಕ್ಷಿಸಿರಲಿಲ್ಲ, ಆದರೂ ನಾಲ್ಕು ವರ್ಷ ಕಾಯಿಸಿದ್ದಕ್ಕೆ ಏನಾದರೂ ಒಂದು ಆಗಬೇಕಿತ್ತು ಎನಿಸಿತು. ಒಂದೊಂದೇ ಕಡೆ ದಿಂಡುಗಳು ಮಾಯವಾದವು. ತರೀಫಿನ ಡೈವರ್ಷನ್ ಒಂದು ವಾರ ಇತ್ತು, ಮುಂದಿನ ವಾರ ಇರಲಿಲ್ಲ. ಒಂದು ಗುರುವಾರ ಹೊರಟಾಗ ಕಪ್ಪಗೆ ಹೊಸ ಡಾಂಬರು, ಒಂದೊಂದು ಬದಿಗೆ ನಾಲ್ಕು ಸಾಲು, ಬಿಳಿ ಗೆರೆಗಳು ಇನ್ನೂ ಕೊಳೆಯಾಗದೆ ಹೊಳೆಯುತ್ತಿದ್ದವು. ಬೋರ್ಡು ಇದ್ದ ಕಡೆ ಎರಡು ಕಬ್ಬಿಣದ ಕಾಲುಗಳು ಮಾತ್ರ ಇದ್ದವು. ನಾನು ಒಮ್ಮೆಯೂ ಬ್ರೇಕು ಒತ್ತದೆ ಮಿರ್ಫಾ ದಾಟಿದೆ. ಅಬುಧಾಬಿ ಬಳಿಯ ಮಫ್ರಕ್ ಮುಟ್ಟುವಾಗ ಇನ್ನೂ ಬೆಳಕಿತ್ತು. ರಸ್ತೆ ಮಾಡಿದವರನ್ನು ಅಂದು ಮನಸಾರೆ ಹೊಗಳಿದೆ. ನಾನು ಅಷ್ಟು ಬೇಗ ಮರೆಯುವವನು ಎಂದು ನನಗೇ ಗೊತ್ತಿರಲಿಲ್ಲ. ಗಂತೂತಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕರಕ್ ಚಹಾ ಕುಡಿಯುವಷ್ಟು ಪುರುಸೊತ್ತು ಸಿಕ್ಕಿತು. ಬೇಗ ಬರುತ್ತೇನೆಂದು ಮನೆಗೆ ತಿಳಿಸಲಿಲ್ಲ. ಬಾಗಿಲು ತೆರೆದಾಗ ಅವರ ಮುಖ ನೋಡಬೇಕಿತ್ತು.

ಏಳು ಕಾಲಿಗೆ ಬಾಗಿಲು ತೆರೆದೆ. ಮುಖಗಳು ನಾನು ಬಯಸಿದಂತೆಯೇ ಇದ್ದವು. ಮಗಳು, “ಡ್ಯಾಡಾ! ಇಟ್ಸ್ ನಾಟ್ ಈವನ್ ಡಿನ್ನರ್!” ಎಂದು ಓಡಿ ಬಂದು ಹೊಟ್ಟೆಗೆ ತಲೆ ತಾಗಿಸಿ, ಬಿಟ್ಟು, ಮತ್ತೆ ಹೋಮ್‌ವರ್ಕಿಗೆ ಹೋದಳು. ಹೆಂಡತಿ ಅಡುಗೆಮನೆಯಿಂದ ಇಣುಕಿ, “ರಸ್ತೆ ಆಯ್ತಾ?” ಎಂದಳು.

“ಆಯ್ತು.”

“ಖಲಾಸ್?”

“ಖಲಾಸ್.”

ಅವಳು ಒಲೆ ಸಣ್ಣ ಮಾಡಿ ಬಂದು ನನ್ನ ತೋಳು ಹಿಡಿದು ಒಂದು ಗಳಿಗೆ ನಿಂತಳು. ಬೋರ್ಡಿನ ವಿಷಯವನ್ನು ಅವಳು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಿಲ್ಲ. ಎತ್ತಿ ಒಮ್ಮೆ ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಏಳೂವರೆಗೆ ದೀಪ ಹಚ್ಚಿ ಪೀಠದ ಮುಂದೆ ಕೂತೆವು. ನಾನು ಮುಖ ತೊಳೆದು, ತಲೆ ಬಾಚಿ, ನನ್ನ ಹಳೆಯ ಜಾಗದಲ್ಲಿ ಕೂತು ಗಂಟಲು ಸರಿಮಾಡಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಮಗಳು ಶುರು ಮಾಡಿಬಿಟ್ಟಳು. ಹೆಂಡತಿ ನನ್ನತ್ತ ಒಮ್ಮೆ ನೋಡಿದಳು. ಇರಲಿ ಎಂದು ಕಣ್ಣಿನಲ್ಲೇ ಹೇಳಿದೆ. ಉತ್ತರ ಕೊಡುವ ಸರದಿ ಬಂದಾಗ ತಿಳಿಯಿತು, ನನಗೆ ಆ ಎರಡನೆಯ ಅರ್ಧ ಇಂಗ್ಲಿಷಿನಲ್ಲಿ ಬಾಯಿಗೆ ಬರುತ್ತಿಲ್ಲ. ಅಷ್ಟು ತಿಂಗಳು ಮ್ಯೂಟ್ ಮಾಡಿಕೊಂಡು ಕಾರಿನಲ್ಲಿ ನಾನು ಕೊಂಕಣಿಯಲ್ಲೇ ಗುಣುಗುಣು ಎನ್ನುತ್ತಿದ್ದೆ. ಯಾರಿಗೂ ಕೇಳಿಸದ್ದರಿಂದ ಯಾರೂ ತಿದ್ದಿರಲಿಲ್ಲ. ಹೆಂಡತಿಯದು ಇಂಗ್ಲಿಷು, ನನ್ನದು ಕೊಂಕಣಿ, ಎರಡೂ ಕಾಲೆಳೆದುಕೊಂಡು ಬೇರೆ ಬೇರೆ ಕಡೆ ಮುಗಿಯುತ್ತಿದ್ದವು. ಮಗಳು ಎರಡು ಸಲ ತಿರುಗಿ ನೋಡಿದಳು. ಮೂರನೆಯ ಸುತ್ತಿನಿಂದ ನಾನು ದನಿ ತಗ್ಗಿಸಿ ತುಟಿ ಮಾತ್ರ ಆಡಿಸಿದೆ.

ಐದು ಸುತ್ತು ಮುಗಿಯಿತು. ಶಿಲುಬೆಯ ಗುರುತು ಹಾಕಿಕೊಂಡೆವು. ಮಗಳು ತಾಯಿಯ ಮುಂದೆ ಕೈಮುಗಿದು ಬೆಸಾಂವ್ ಕೇಳಿದಳು. ಆಮೇಲೆ ಎದ್ದು ನಿಂತಳು. ನಾನು ನೆಟ್ಟಗೆ ಕೂತೆ. ಅವಳು ನನ್ನ ಮುಂದಿನಿಂದಲೇ ಹಾದು ಪೀಠದ ಹತ್ತಿರ ಹೋಗಿ, ಮಾತೆಯ ಚಿತ್ರದ ಬುಡದಲ್ಲಿ ಫೋನು ಇರುತ್ತಿದ್ದ ಜಾಗದ ಕಡೆ ಮುಖ ಮಾಡಿ, ಕೈಮುಗಿದು, “ಬೆಸಾಂವ್ ಡ್ಯಾಡಾ” ಎಂದಳು.

ಅಲ್ಲಿ ಫೋನಿರಲಿಲ್ಲ. ನನ್ನ ಕಡೆಗಿದ್ದದ್ದು ಅವಳ ಬೆನ್ನು, ಎರಡು ಜಡೆ. ನಾನು ಹಿಂದಿನಿಂದಲೇ ದೇವರು ಒಳ್ಳೆಯದು ಮಾಡಲಿ ಎಂದೆ. ಅವಳು ಬೆಚ್ಚಿ ತಿರುಗಿದಳು. ತಿರುಗಿದವಳು ತಪ್ಪು ತಿಳಿದು ನಾಲಗೆ ಕಚ್ಚಿಕೊಂಡು ನಕ್ಕಳು. ಹೆಂಡತಿಯೂ ನಕ್ಕಳು, ನಾನೂ ನಕ್ಕೆ. ನಗದೆ ಏನು ಮಾಡುವುದು.

“ಹೋಗು, ಡ್ಯಾಡಾನ ಎದುರಿಗೆ ಹೋಗಿ ಸರಿಯಾಗಿ ಕೇಳು” ಎಂದಳು ಹೆಂಡತಿ.

ಮಗಳು ಬಂದಳು. ಎರಡು ಹೆಜ್ಜೆ ದೂರದಲ್ಲೇ ನಿಂತಳು. ಕೈಮುಗಿದಳು, ತಲೆ ಬಗ್ಗಿಸಿದಳು, ಮನೆಗೆ ಬಂದ ದೊಡ್ಡ ಪಾದ್ರಿಗಳನ್ನು ಕೇಳುವ ಹಾಗೆ, ಅರ್ಧ ಮಾತು ಬಾಯಿಯೊಳಗೇ ಉಳಿಸಿಕೊಂಡು ಕೇಳಿದಳು. ನಾನು ಕೈಯೆತ್ತಿ ಹೇಳಿದೆ. ಮತ್ತೆ ಏನು ಸುದ್ದಿ, ಶಾಲೆಯಲ್ಲಿ ಏನಾಯಿತು ಎಂದು ಕೇಳಿದೆ. “ನಥಿಂಗ್” ಎಂದಳು. ಕಾಲಿನ ಹೆಬ್ಬೆರಳಿನಿಂದ ಚಾಪೆಯ ಅಂಚು ಒತ್ತುತ್ತಾ, ನನ್ನ ಅಂಗಿಯ ಗುಂಡಿ ನೋಡುತ್ತಾ, ಯಾವಾಗ ಹೋಗಲು ಬಿಡುತ್ತೇನೆ ಎಂದು ಕಾಯುತ್ತಾ ನಿಂತಿದ್ದಳು.

ಫೋನಿನ ಮುಂದೆ ಅವಳು ಎಂದೂ ನಾಚಿರಲಿಲ್ಲ.